ಮಾವನ ಹಾಯಿದೋಣಿ ಬೂಟು

ಮೊನ್ನೆ ಶಹಾಪುರದ ಬಸ್ ಸ್ಟ್ಯಾಂಡ್ ಹತ್ತಿರ ಹರಿದ ಚಪ್ಪಲಿ ಹಿಡಿದು, ಒಂಟಿಗಾಲಲ್ಲಿ ಕೊಕ್ಕರೆಯಂತೆ ನಿಂತಿದ್ದೆ. ಚಪ್ಪಲಿ ರಿಪೇರಿಯವರು ಅಂಟಿನ ಡಬ್ಬಿಯ ಮುಚ್ಚಳ ತೆಗೆದರು. ನಿಮಗೂ ಆ ವಾಸನೆ ಗೊತ್ತಿರುತ್ತದೆ. ಮೂಗಿಗೆ ಬಡಿದರೆ ತಲೆ ತಿರುಗುತ್ತದೆ, ಆದರೂ ಇನ್ನೊಮ್ಮೆ ಮೂಸೋಣ ಅನ್ನಿಸುತ್ತದೆ. ನನಗೆ ಮಾತ್ರ ಅದು ನನ್ನ ಸೋದರಮಾವನನ್ನೂ ಅವನ ಬೂಟನ್ನೂ ಒಟ್ಟಿಗೆ ತಂದು ನಿಲ್ಲಿಸುತ್ತದೆ.

ಬೂಟೆಂದರೆ ಪೊಲೀಸರದ್ದು ಅಂದುಕೊಳ್ಳಬೇಡಿ. ಇದು ಹಾಯಿದೋಣಿಯ ಬೂಟು. ಸುರಪುರ ಸೀಮೆಯ ಹೊಳೆದಂಡೆಯಲ್ಲಿ ಹುಟ್ಟಿದ ಮಾವ ಹರೆಯದಲ್ಲಿ ಮುಂಬೈಗೆ ದುಡಿಯಲು ಹೋಗಿ, ಶ್ರೀಮಂತರು ಮೋಜಿಗೆಂದು ಇಟ್ಟುಕೊಂಡ ಹಾಯಿದೋಣಿಗಳನ್ನು ತೊಳೆಯುವ ಕೆಲಸಕ್ಕೆ ಸೇರಿದ್ದ. ಊರಿಗೆ ಮರಳುವಾಗ ಸಾಹೇಬರೊಬ್ಬರು ತಮ್ಮ ವಿಲಾಯತಿ ಬೂಟನ್ನು ಕೊಟ್ಟರಂತೆ. ಮೊಳಕಾಲು ಮುಟ್ಟುವ ತೊಗಲು, ಒದ್ದೆ ಹಲಗೆಯ ಮೇಲೂ ಜಾರದ ಅಟ್ಟೆ, ಸುತ್ತ ದಪ್ಪ ದಾರದ ಜೋಡಿ ಹೊಲಿಗೆ.

ನಮ್ಮಲ್ಲಿ ಮೀನು ಹಿಡಿಯುವವರು ಬರಿಗಾಲಿನವರು. ಕಾಲಲ್ಲಿ ಮೆಟ್ಟು ಇಟ್ಟುಕೊಂಡು ದೋಣಿ ಹತ್ತಿದರೆ ಹೊಳೆಯ ಗಂಗವ್ವನಿಗೆ ಅವಮಾನ. ಮಾವ ಇದಕ್ಕೂ ದಾರಿ ಹುಡುಕಿದ್ದ. ನೀರು ಮುಟ್ಟಿ ಹಣೆಗೆ ಹಚ್ಚಿಕೊಂಡು, “ಯವ್ವಾ, ಇದು ಕೆರ ಅಲ್ಲ, ಡ್ಯೂಟಿ ಡ್ರೆಸ್ಸು” ಎಂದು ಹೇಳಿಯೇ ಹತ್ತುತ್ತಿದ್ದ.

ಆ ಬೂಟು ಕೃಷ್ಣೆಯ ಕೆಸರು ತುಳಿಯಿತು, ಹತ್ತಿ ಹೊಲ ತುಳಿಯಿತು, ಚಳಿಗಾಲದಲ್ಲಿ ಹಕ್ಕಿ ನೋಡಲು ಬಂದವರನ್ನು ಬೋನಾಳ ಕೆರೆಯಲ್ಲಿ ಸುತ್ತಾಡಿಸಿತು. ನನ್ನ ಮದುವೆಗೂ ಬಂದಿತ್ತು. ಫೋಟೋ ನೋಡಿದವರ ಕಣ್ಣು ಮೊದಲು ಹೋಗುವುದು ಆ ಬೂಟಿಗೆ, ನನ್ನ ಮುಖದ ಸರದಿ ಆಮೇಲೆ. ಮಾವನ ಹೆಂಡತಿ, ನಮ್ಮತ್ತೆ, ಅದನ್ನು ಸವತಿ ಎಂದೇ ಕರೆಯುತ್ತಿದ್ದಳು. “ನಾ ಬಂದ ಮ್ಯಾಲ ಎಷ್ಟು ಎಮ್ಮಿ ಸತ್ತು ಹೋದ್ವು, ಈ ಸವತಿಗೆ ಮಾತ್ರ ಸಾವಿಲ್ಲ ನೋಡವ್ವ.”

ಕೊನೆಗೊಂದು ದಿನ ತೊಗಲೇ ಬಿರಿಯಿತು. ಹೊಲಿಗೆ ಆಗಲೂ ಬಿಟ್ಟಿರಲಿಲ್ಲ. ಮಾವ ಮಂಕಾಗಿ ಕೂತದ್ದು ನೋಡಲಾರದೆ ನಾನೇ ಫೋನಿನಲ್ಲಿ ಹುಡುಕಿ, ಅದೇ ಕಂಪನಿಯ ಹೊಸ ಜೋಡಿ ತರಿಸಿಕೊಟ್ಟೆ. ಪೆಟ್ಟಿಗೆ ತೆರೆದರೆ ತೊಗಲಿನ ವಾಸನೆಯಿಲ್ಲ, ಬರೀ ಅಂಟಿನದು. ಹೊಲಿಗೆಯಂತೆ ಕಂಡದ್ದು ರಬ್ಬರಿನ ಮೇಲೆ ಒತ್ತಿದ ಗೆರೆ. ಮಳೆಗಾಲ ನಡುವಿಗೆ ಬರುವಷ್ಟರಲ್ಲಿ ಬೆರಳ ಹತ್ತಿರ ಬಾಯಿ ಬಿಟ್ಟಿತು. ಕಂಪನಿಗೆ ದೂರು ಬರೆದೆ. ತಮ್ಮನ್ನು ಆರಿಸಿಕೊಂಡದ್ದಕ್ಕೆ ಧನ್ಯವಾದ ಎಂದು ಉತ್ತರ ಬಂತು.

“ಹೆಸರು ಅದೇ ಐತಿ, ಮಾಲು ಖರಾಬ್ ಆಗ್ಯಾದ,” ಎಂದು ಮಾವ ಉರಿದುಬಿದ್ದ. ಆದರೂ ಅಂಟು ಬಳಿದು ಬಳಿದು ಹಾಕಿಕೊಳ್ಳುವುದನ್ನು ಬಿಡಲಿಲ್ಲ.

ಇಲ್ಲಿ ನಮ್ಮ ಕಡೆಯ ಒಂದು ರೂಢಿ ಹೇಳಬೇಕು. ಎರೆಮಣ್ಣಿನ ಕೆಸರು ಮೆಟ್ಟನ್ನು ನುಂಗಿಬಿಡುತ್ತದೆಂದು ಅದನ್ನು ಪುಂಡಿನಾರಿನಿಂದ ಕಾಲಿಗೇ ಕಟ್ಟಿಕೊಳ್ಳುತ್ತೇವೆ. ಹಾಯಿದೋಣಿಯವರು ಇದಕ್ಕೆ ತಿರುವುಮುರುವು. ನೀರಿಗೆ ಬಿದ್ದಾಗ ಕಾಲು ಒದ್ದರೆ ಕಳಚಲಿ ಎಂದೇ ಬೂಟನ್ನು ಸಡಿಲ ಇಟ್ಟಿರುತ್ತಾರಂತೆ. ಮುಂಬೈಯಲ್ಲಿ ಅದನ್ನು ಕಲಿತು ಬಂದ ಮಾವನೂ ಊರು ಸೇರಿದ ಮೇಲೆ ಊರಿನಂತೆಯೇ ಆಗಿದ್ದ. ಮೀನಖಂಡದ ಸುತ್ತ ಒಂದು, ಕಾಲಹರಡಿನ ಹತ್ತಿರ ಒಂದು, ಬಿಗಿ ಗಂಟು.

ಆ ಶ್ರಾವಣದಲ್ಲಿ ನಾನು ಅವರ ಮನೆಗೆ ಹೋಗಿದ್ದೆ. ಮಧ್ಯಾಹ್ನ ಡ್ಯಾಮಿನ ಕಡೆಯಿಂದ ನೀರು ಬಿಡುವ ಭೋಂಗಾ ಕೂಗಿತು. ಕಟ್ಟಿದ್ದ ದೋಣಿಯನ್ನು ಮೇಲೆಳೆಯಲು ಮಾವ ಓಡಿದ, ಅವನ ಹಿಂದೆ ಅತ್ತೆ ಮತ್ತು ನಾನು. ದೋಣಿ ದಂಡೆಗೆ ಬಂತು, ಮಾವ ಬರಲಿಲ್ಲ. ಬಲಗಾಲು ಮೊಳಕಾಲತನಕ ಕೆಸರಿನಲ್ಲಿ ಹೂತಿತ್ತು. ನಾವು ಹಗ್ಗ ಎಸೆದೆವು. ಅವನು ಸೊಂಟಕ್ಕೆ ಸುತ್ತಿಕೊಂಡ. ನಾವು ಎಳೆದೆವು, ಕಾಲು ಅಲುಗಲಿಲ್ಲ.

“ಬೂಟು ಬಿಚ್ಚರಿ,” ಎಂದಳು ಅತ್ತೆ.

“ಗಂಟು ರಾಡಿಯೊಳಗ ಐತಿ. ಸಿಗವಲ್ದು.”

ನೀರು ಅವನ ಸೊಂಟಕ್ಕೆ ಬಂತು, ಎದೆಗೆ ಬಂತು. ಅಂಥ ಭಯ ನನಗೆ ಹಿಂದೆಂದೂ ಆಗಿರಲಿಲ್ಲ. ಮಾವನ ಮುಖದಲ್ಲಿ ಮೊದಲ ಬಾರಿಗೆ ಹೆದರಿಕೆ ಕಂಡೆ, ಅದು ನನ್ನದಕ್ಕಿಂತ ದೊಡ್ಡದಾಗಿತ್ತು. ಅತ್ತೆ ಹಲ್ಲು ಕಚ್ಚಿ, “ಜಗ್ಗವ್ವಾ” ಎಂದಳು. ಜಗ್ಗಿದೆವು. ನೀರೊಳಗೆ ಏನೋ ಪಟ್ಟನೆ ಹರಿದಂತಾಯಿತು, ನಾವಿಬ್ಬರೂ ಅಂಗಾತ ಬಿದ್ದೆವು. ಎದ್ದು ನೋಡಿದರೆ ಮಾವ ತೆವಳುತ್ತಾ ದಂಡೆಗೆ ಬರುತ್ತಿದ್ದ. ಬಲಗಾಲಿಗೆ ಬೂಟಿನ ಉದ್ದ ತೋಳು ಕಟ್ಟಿದ ಹಾಗೆಯೇ ಇತ್ತು, ಅದರ ಕೆಳಗೆ ಬರಿಯ ಪಾದ. ಅಟ್ಟೆ ಗಂಗವ್ವನ ಪಾಲಾಗಿತ್ತು.

ಅತ್ತೆ ಅವನ ಬೆನ್ನಿಗೊಂದು ಗುದ್ದಿ, ಅಲ್ಲೇ ಕುಸಿದು ಕೂತು ಆ ಕೆಸರುಪಾದವನ್ನು ಸೆರಗಿನಿಂದ ಒರೆಸತೊಡಗಿದಳು. ನಾನು ನಗುತ್ತಿದ್ದೆನೋ ಅಳುತ್ತಿದ್ದೆನೋ ಗೊತ್ತಿಲ್ಲ, ಉಸಿರು ಮಾತ್ರ ತಿರುಗಿ ಬಂದಿತ್ತು. ಮಾವ ಕಾಲಿಗೆ ಉಳಿದಿದ್ದ ಬೂಟಿನ ತೋಳನ್ನು ಸವರಿ, “ಹಳೇದು ಇದ್ದಿದ್ರ ಬಿಡ್ತಿರಲಿಲ್ಲ,” ಎಂದ. ಗಟ್ಟಿ ಮಾಲು, ಖರಾಬ್ ಮಾಲು ಎಂದು ಲೋಕವನ್ನು ಎರಡು ಪಾಲು ಮಾಡಿಕೊಂಡಿದ್ದ ನಾನು ಅಂದಿನಿಂದ ಆ ವಿಷಯದಲ್ಲಿ ಸ್ವಲ್ಪ ಮೆತ್ತಗಾದೆ.

ಮೊನ್ನೆ ರಿಪೇರಿಯಾದ ಚಪ್ಪಲಿ ಮೆಟ್ಟಿಕೊಂಡು ಮನೆಗೆ ಬಂದವಳೇ ಮಾವನಿಗೆ ಫೋನ್ ಹಚ್ಚಿದೆ. ಬೋನಾಳಕ್ಕೆ ಹಕ್ಕಿ ಬರುವ ಕಾಲ. ಬರಿಗಾಲು ಚಳಿಗೆ ಒಡೆದಿದೆಯೆಂದು ಗೊಣಗಿದ.

“ಬೂಟು ತರಸ್ಲೇನು ಮಾವಾ? ಈ ಸಲ ಗಟ್ಟೀದು ನೋಡ್ತೀನಿ.”

ಅವನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಅತ್ತೆಯ ದನಿ ಕೇಳಿತು:

“ಗಟ್ಟೀದು ಬ್ಯಾಡ ಅನ್ರಿ ಆಕಿಗೆ. ಆ ಖರಾಬ್ ಕಂಪನೀದೇ ತರಸು ಅನ್ರಿ.”