ಹಿಂದಕ್ಕೆ ಎಳೆದ ಕೈವಿಂಚು

ಮೂರು ವರ್ಷದ ಹಿಂದಿನ ಮಾತು. ಮಳೆ ಬಿಡದೆ ಸುರಿದು ನಮ್ಮ ಕಡೆಯ ಕೆರೆಗಳೆಲ್ಲ ಒಂದರ ಹಿಂದೊಂದು ಕೋಡಿ ಬಿದ್ದ ವರ್ಷ ಅದು. ನೊಣವಿನಕೆರೆಯ ಹತ್ತಿರ ನಮ್ಮದೊಂದು ಸಣ್ಣ ತೆಂಗಿನ ತೋಟವಿದೆ. ಅದರ ಒಂದು ಮೂಲೆಯಲ್ಲಿ ನಾನು ತೆಂಗಿನ ಸಸಿ ಬೆಳೆಸಿ ಮಾರುತ್ತೇನೆ. ಸಸಿ ಬೇಕೆಂದವರ ತೋಟಕ್ಕೇ ತಲುಪಿಸುತ್ತೇನೆ. ಅದಕ್ಕಾಗಿ ಒಂದು ಹಳೆಯ ಫೋರ್ ವೀಲ್ ಜೀಪು ಇಟ್ಟುಕೊಂಡಿದ್ದೇವೆ. ಓಡಿಸುವವಳು ನಾನೇ. ನಮ್ಮ ಯಜಮಾನರು ಬಸ್ ಡ್ರೈವರ್. ನನಗೆ ಡ್ರೈವಿಂಗ್ ಕಲಿಸಿದ್ದು ಅವರೇ ಆದರೂ ಮನೆಗೆ ಬಂದ ಮೇಲೆ ಸ್ಟೀರಿಂಗ್ ಮುಟ್ಟುವುದಿಲ್ಲ. "ದಿನ ಪೂರ್ತಿ ಅದನ್ನೇ ತಿರುಗ್ಸಿ ಬಂದಿರ್ತೀನಿ, ನೀನೇ ಓಡ್ಸು ಮಾರಾಯ್ತಿ" ಎನ್ನುತ್ತಾರೆ.

ಆ ವರ್ಷ ಮಳೆಗೆ ತೋಟದ ದಾರಿಗಳೆಲ್ಲ ಕೆಸರಾಗಿ ಜೀಪು ಮೂರು ಸಲ ಹೂತುಕೊಂಡಿತು. ಮೂರು ಸಲವೂ ಯಾರದೋ ಟ್ರ್ಯಾಕ್ಟರ್ ಬಂದು ಎಳೆಯಬೇಕಾಯಿತು. ಮೂರನೆಯ ಸಲ ಎಳೆದವರು, "ಅಕ್ಕ, ಇದಕ್ಕೊಂದು ವಿಂಚ್ ಹಾಕ್ಸ್ಕೊಳಿ, ನಿಮ್ಮ ಗಾಡಿ ನೀವೇ ಎಳ್ಕೋಬೋದು" ಎಂದು ನಕ್ಕರು. ವಿಂಚ್ ಎಂದರೆ ಏನೆಂದು ಆಗ ನನಗೆ ಸರಿಯಾಗಿ ಗೊತ್ತಿರಲಿಲ್ಲ. ಮನೆಗೆ ಬಂದು ಫೋನಿನಲ್ಲಿ ನೋಡಿದೆ. ಜೀಪಿನ ಮುಂದೆ ಕೂರಿಸಿದ ಒಂದು ಮೋಟಾರು. ಅದರಿಂದ ಉಕ್ಕಿನ ತಂತಿ ಎಳೆದು ಎದುರಿನ ಮರಕ್ಕೆ ಕಟ್ಟಿ, ಬಟನ್ ಒತ್ತಿದರೆ ಸಾಕು, ತಂತಿ ಸುತ್ತಿಕೊಳ್ಳುತ್ತ ಗಾಡಿ ತಾನಾಗಿ ಕೆಸರಿನಿಂದ ಎದ್ದು ಬರುತ್ತದೆ. ಅಂಥ ವಿಡಿಯೋಗಳನ್ನು ದಿನಾ ಸಂಜೆ ಜಗಲಿಯಲ್ಲಿ ಕೂತು ನೋಡತೊಡಗಿದೆ. ಎಲ್ಲಿಯದೋ ಕಾಡು, ಎಲ್ಲಿಯದೋ ಹಿಮ. ನೋಡುತ್ತ ನೋಡುತ್ತ ನಾನೇ ಆ ಗಾಡಿಯಲ್ಲಿ ಕೂತಂತೆ ಅನ್ನಿಸುತ್ತಿತ್ತು.

ನಮ್ಮ ಮಾವನವರೂ ಪಕ್ಕದಲ್ಲಿ ಕೂತು ಕನ್ನಡಕ ಹಾಕಿಕೊಂಡು ನೋಡುತ್ತಿದ್ದರು. ಅವರಿಗೆ ಆಗ ಎಪ್ಪತ್ತನಾಲ್ಕು. ಮಾತು ಬಹಳ ಕಡಿಮೆ. ಊಟ ಆಯ್ತಾ ಎಂದು ಕೇಳಿದರೆ ಕೈಯಾಡಿಸುವ ಜನ. ಹೇಗೋ ಏನೋ, ವಿಂಚ್ ವಿಷಯದಲ್ಲಿ ಮಾತ್ರ ಅವರಿಗೆ ಆಸಕ್ತಿ ಹುಟ್ಟಿತ್ತು. ತಿಪಟೂರಿಗೆ ಹೋಗಿ ವಿಚಾರಿಸಿ ಬರುತ್ತೇನೆ ಎಂದಾಗ, "ನಾನೂ ಬತ್ತೀನಿ" ಎಂದು ಎದ್ದರು.

ನಮ್ಮ ಜೀಪಿಗೆ ಮೊದಲಿನಿಂದಲೂ ಕೈ ಹಾಕುವವರು ತಿಪಟೂರಿನ ಅನ್ವರ್ ಭಾಯ್. ಅವರ ಗ್ಯಾರೇಜಿನಲ್ಲಿ ಫೋನು ಹಿಡಿದು, ಇರುವುದರಲ್ಲಿ ಕಡಿಮೆ ಬೆಲೆಯ ಒಂದು ಮೋಟಾರಿನ ವಿಂಚನ್ನು ತೋರಿಸಿದೆ. ಅವರು ಕೈ ಒರೆಸಿಕೊಂಡು ಹೊತ್ತುಗಟ್ಟಲೆ ನೋಡಿದರು.

"ಹಾಕ್ಕೊಡೋಕೆ ನಂಗೇನಕ್ಕ. ಆದ್ರೆ ಇಂಥವು ಒಂದ್ಸಲ ನೀರು ಕುಡಿದ್ರೆ ಮೋಟ್ರು ಹೋಯ್ತು. ನಿಮ್ಮ ಬ್ಯಾಟ್ರಿ ಇದನ್ನ ಎರಡು ನಿಮಿಷ ತಡೆಯಲ್ಲ, ದೊಡ್ಡದು ಹಾಕ್ಬೇಕು. ಬಂಪರ್ ಬದಲಾಯಿಸ್ಬೇಕು. ಕಮ್ಮಿದು ಅಂತ ತಗೊಂಡಿದ್ದು ಕಮ್ಮಿಲಿ ಮುಗಿಯಲ್ಲ. ಸಸಿ ಎಲ್ಲ ಸೇರಿ ಗಾಡಿ ಎಷ್ಟು ತೂಕ ಆಗ್ತದೆ, ಅದರ ಮೇಲೆ ಇನ್ನರ್ಧ ಎಳೆಯೋ ತಾಕತ್ತು ಇರೋದು ಬೇಕು. ಕೆಸರು ಹಿಡ್ಕೊಂಡ್ರೆ ಸುಮ್ನೆ ಬಿಡಲ್ಲ."

ಆಗ ಮಾವ ಕೇಳಿದರು. "ಮುಂದ್ಗಡೆ ಕೂರಿಸಿದ್ರೆ ಮುಂದಕ್ಕೆ ಎಳೀತೈತೆ ಸರಿ. ಹಿಂದಕ್ಕೆ ಎಳೀಬೇಕಾದ್ರೆ ಏನು ಮಾಡೋದು?"

ಅನ್ವರ್ ಭಾಯ್ ಫೋನಿನಿಂದ ತಲೆಯೆತ್ತಿದರು. "ಯಜಮಾನ್ರೇ, ವಿಂಚ್ ಕೇಳೋಕೆ ಬಂದೋರು ಬಣ್ಣ ಯಾವ್ದೈತೆ, ರಿಮೋಟ್ ಬರ್ತದಾ ಅಂತ ಕೇಳ್ತಾರೆ. ಇದನ್ನ ಇವತ್ತಿನ ತನಕ ಯಾರೂ ಕೇಳಿರ್ಲಿಲ್ಲ."

ಒಳಗೆ ಹೋಗಿ ಒಂದು ಕೈವಿಂಚು ತಂದಿಟ್ಟರು. ಮೋಟಾರಿಲ್ಲ, ಬಟನ್ನಿಲ್ಲ. ಒಂದು ಕಬ್ಬಿಣದ ಪೆಟ್ಟಿಗೆ, ಒಂದು ಉದ್ದನೆಯ ಹಿಡಿ. ಹಿಡಿಯನ್ನು ಹಿಂದೆ ಮುಂದೆ ಆಡಿಸಿದರೆ ತಂತಿ ಬೆರಳಷ್ಟು ಬೆರಳಷ್ಟಾಗಿ ಒಳಗೆ ಸರಿಯುತ್ತದೆ. ಮುಂದಕ್ಕೂ ಕಟ್ಟಬಹುದು, ಹಿಂದಕ್ಕೂ ಕಟ್ಟಬಹುದು. ಮಾವ ಕುಕ್ಕರಗಾಲಲ್ಲಿ ಕೂತು ಅದರ ಹಿಡಿಯನ್ನು ಆಡಿಸಿ ನೋಡಿ, "ಇದಕ್ಕೊಂದು ರಾಟೆ ಸಿಕ್ತದಾ?" ಎಂದರು. ತಂತಿಯನ್ನು ಗಾಡಿಗೆ ನೇರ ಕಟ್ಟದೆ, ಗಾಡಿಗೆ ರಾಟೆ ಕಟ್ಟಿ ತಂತಿಯನ್ನು ಅದರ ಸುತ್ತ ತಂದು ಮರಕ್ಕೇ ವಾಪಸು ಕಟ್ಟಿದರೆ ಕೈಗೆ ಭಾರ ಅರ್ಧ ಇಳಿಯುತ್ತದಂತೆ. "ನಾನು ಕಪಿಲೆ ಹೊಡ್ದೋನು ಕಣಪ್ಪ" ಎಂದರು. ಕಪಿಲೆ ಎಂದರೆ ಎತ್ತು ಕಟ್ಟಿ ಬಾವಿಯಿಂದ ನೀರೆತ್ತುವುದು.

ಕೊನೆಗೆ ಕೈವಿಂಚು, ಒಂದು ರಾಟೆ, ಮರಕ್ಕೆ ಸುತ್ತುವ ಅಗಲವಾದ ಬೆಲ್ಟು ತಗೊಂಡೆವು. ಹೊರಡುವಾಗ ಅನ್ವರ್ ಭಾಯ್, "ಎಳೆಯೋವಾಗ ತಂತಿ ಮೇಲೆ ಗೋಣಿಚೀಲನೋ ಕಂಬಳಿನೋ ಹಾಕಿ. ತುಂಡಾದ್ರೆ ಚಾಟಿ ಥರ ಬೀಸ್ತದೆ" ಎಂದು ಎರಡು ಸಲ ಹೇಳಿದರು. ನನಗೆ ಒಳಗೊಳಗೇ ಬೇಜಾರು. ಅಷ್ಟು ದಿನ ಕನಸು ಕಂಡದ್ದೇನು, ಜೀಪಿನ ಹಿಂದೆ ಹಾಕಿಕೊಂಡು ಬಂದದ್ದೇನು!

ಮಾರ್ಗಶಿರದಲ್ಲಿ ಕಂದಿಕೆರೆ ಕಡೆಯ ಒಬ್ಬರಿಗೆ ನಲವತ್ತು ಸಸಿ ಕೊಡಬೇಕಿತ್ತು. ಬಿಸಿಲೇರುವ ಮುಂಚೆ ಸಸಿ ಇಳಿಸಬೇಕೆಂದು ಬೆಳಗ್ಗೆ ಬೇಗ ಹೊರಟೆವು. ಗುಂಡಿ ಸರಿಯಾಗಿ ತೆಗೆದಿದ್ದಾರೋ ಇಲ್ಲವೋ ನೋಡಲು ಮಾವ ಸಾಮಾನ್ಯವಾಗಿ ಜೊತೆಗೆ ಬರುತ್ತಾರೆ. ಚಿಕ್ಕನಾಯಕನಹಳ್ಳಿ ದಾಟುವಾಗ ತೆಳ್ಳಗಿದ್ದ ಮಂಜು ಹೋಗುತ್ತ ಹೋಗುತ್ತ ದಟ್ಟವಾಯಿತು. ತೆಂಗಿನ ಮರಗಳ ಬುಡ ಮಾತ್ರ ಕಾಣುತ್ತಿತ್ತು, ತಲೆ ಇರಲಿಲ್ಲ. ಎಲ್ಲೋ ದನದ ಕೊರಳ ಗಂಟೆ ಕೇಳಿಸಿತು, ದನ ಕಾಣಲಿಲ್ಲ. ಹೆಡ್‌ಲೈಟ್ ಹಾಕಿದರೆ ಎದುರಿಗೆ ಬಿಳಿ ಗೋಡೆ ನಿಂತಂತಾಗುತ್ತಿತ್ತು. ಹೆದರಿಕೆಯೇನೂ ಆಗಲಿಲ್ಲ. ನಿದ್ದೆಯಲ್ಲಿ ಗಾಡಿ ಓಡಿಸಿದ ಹಾಗೆ ಹಿತವಾಗಿತ್ತು.

ಆ ಹಿತದಲ್ಲೇ ಕವಲು ದಾರಿ ತಪ್ಪಿದೆ. ಮಣ್ಣಿನ ದಾರಿ ಕಿರಿದಾಗುತ್ತ ಬಂದಾಗ ಮಾವ, "ತಡೆ, ಇಳ್ದು ನೋಡ್ತೀನಿ" ಎಂದು ಇಳಿದರು. ಅವರ ಹಿಂದೆ ನಿಧಾನಕ್ಕೆ ಬಿಟ್ಟೆ. ಒಮ್ಮೆಲೇ ಅವರು ತಿರುಗಿ ಎರಡೂ ಕೈ ಎತ್ತಿ, "ನಿಲ್ಸು!" ಎಂದು ಕೂಗಿದರು. ಬ್ರೇಕ್ ಒತ್ತಿದೆ. ಚಕ್ರಗಳು ನಿಂತವು, ಆದರೆ ಒದ್ದೆ ಜೇಡಿಮಣ್ಣಿನ ಮೇಲೆ ಜೀಪು ನಿಲ್ಲಲಿಲ್ಲ. ಮೆಲ್ಲಗೆ ಜಾರಿ ಮೂತಿ ಬಲಕ್ಕೆ ಬಾಗಿತು. ಎಂಜಿನ್ ಆಫ್ ಆಯಿತು.

ಪಕ್ಕದಲ್ಲಿ ಮಂಜು ಸ್ವಲ್ಪ ಬಿರಿದಾಗ ಕೆಳಗೆ ನೋಡಿದೆ. ನೆಲವೇ ಇಲ್ಲ. ಯಾವ ಕಾಲದಲ್ಲೋ ಕಲ್ಲು ಒಡೆದು ಬಿಟ್ಟುಹೋದ ಕ್ವಾರಿ. ಎರಡಾಳು ಕೆಳಗೆ ನೀರು, ಅಲುಗದ ನೀರು, ಅದರ ಮೇಲೆ ಹಾಲಿನ ಕೆನೆಯಂತೆ ಮಂಜು. ನನ್ನ ಕಡೆಯ ಮುಂದಿನ ಚಕ್ರ ಗಾಳಿಯಲ್ಲಿತ್ತು.

"ಅಲ್ಲಾಡ್ಬ್ಯಾಡ ಕಣವ್ವ. ಬ್ರೇಕಿಂದ ಕಾಲು ತೆಗೀಬ್ಯಾಡ" ಎಂದರು ಮಾವ. ದನಿ ಏರಿರಲಿಲ್ಲ. ಹ್ಯಾಂಡ್ ಬ್ರೇಕ್ ಎಳೆದೆ, ರಿವರ್ಸ್ ಗೇರಿಗೆ ಹಾಕಿದೆ. ಆದರೂ ಜೋರಾಗಿ ಉಸಿರೆಳೆದರೆ ಜೀಪು ಕೂದಲೆಳೆಯಷ್ಟು ಸರಿದಂತಾಗುತ್ತಿತ್ತು. ನನ್ನ ಫೋನು ಜಾರಿ ಎಲ್ಲೋ ಕೆಳಗೆ ಬಿದ್ದಿತ್ತು. ಮಾವ ಫೋನು ಇಟ್ಟುಕೊಂಡವರಲ್ಲ.

"ಯಾರನ್ನಾದ್ರೂ ಕರ್ಕೊಂಡ್ ಬನ್ನಿ ಮಾವ" ಎಂದೆ.

"ನಾನು ಹೋಗಿ ಬರೋಗಂಟ ಇದು ನಿಲ್ಲಲ್ಲ" ಎಂದು ಅವರು ಹಿಂದಕ್ಕೆ ಹೋದರು.

ಒಳಗಿನ ಕನ್ನಡಿಯಲ್ಲಿ, ಸಸಿಗಳ ಎಲೆಗಳ ಸಂದಿಯಲ್ಲಿ, ಅವರು ಕಂಡು ಮರೆಯಾಗುತ್ತಿದ್ದರು. ಹಿಂದೆ ಭಾರ ಇರಲಿ ಎಂದು ಒಂದು ಸಸಿಯನ್ನೂ ಇಳಿಸದೆ ವಿಂಚನ್ನು ಮಾತ್ರ ಮೆಲ್ಲಗೆ ಎಳೆದುಕೊಂಡರು. ಒಂದು ಜಾಲಿ ಮರಕ್ಕೆ ಕೈಯೊತ್ತಿ ನೋಡಿ ಬೇಡವೆಂದು ಬಿಟ್ಟರು. ಆಚೆಗೊಂದು ದಪ್ಪ ಹೊಂಗೆ ಮರಕ್ಕೆ ಬೆಲ್ಟು ಸುತ್ತಿದರು. ಜೀಪಿನ ಹಿಂಬದಿಯ ಕೊಂಡಿಗೆ ರಾಟೆ ಸಿಕ್ಕಿಸಿದ ಸದ್ದು ನನ್ನ ಬೆನ್ನಿಗೆ ತಾಗಿದ ಹಾಗೆ ಕೇಳಿಸಿತು. ಕೊನೆಗೆ ಹೆಗಲ ಮೇಲಿನ ಕಂಬಳಿ ತೆಗೆದು ತಂತಿಯ ಮೇಲೆ ಹೊದಿಸಿದರು.

ಟಕ್. ಟಕ್. ಹಿಡಿ ಆಡತೊಡಗಿತು. ತಂತಿ ಬಿಗಿದುಕೊಂಡಿತು, ಜೀಪು ಒಮ್ಮೆ ನರಳಿ ಸ್ತಬ್ಧವಾಯಿತು. ಜಾರುವುದು ನಿಂತಿತು. ನನ್ನ ಕಾಲು ಮಾತ್ರ ಬ್ರೇಕಿನ ಮೇಲೆ ಥರಥರ ನಡುಗುತ್ತಿತ್ತು. ಅದು ಅವರಿಗೆ ಹೇಗೆ ಗೊತ್ತಾಯಿತೋ, ಮಂಜಿನೊಳಗಿಂದ ಮಾತು ಬಂತು.

"ಇಂಥ ಮಂಜಲ್ಲೇ ಕಣವ್ವ ನಿಮ್ಮತ್ತೆ ಗಿಡಕ್ಕೆ ನೀರು ತಿರುವೋಳು."

ನಾನು ಆ ಮನೆಗೆ ಬಂದು ಹದಿನೈದು ವರ್ಷವಾಗಿತ್ತು. ಅತ್ತೆಯನ್ನು ನಾನು ನೋಡಿಲ್ಲ. ನನ್ನ ಗಂಡನಿಗೆ ನಾಲ್ಕು ವರ್ಷವಿದ್ದಾಗಲೇ ತೀರಿಕೊಂಡರು. ಮನೆಯಲ್ಲಿ ಅವರದೊಂದು ಫೋಟೋ ಕೂಡ ಇಲ್ಲ. ಮಾವ ಅವರ ಬಗ್ಗೆ ಆಡಿದ ಮೊದಲ ಮಾತು ಅದು.

"ಆಗ ತೋಟಕ್ಕೆ ಕರೆಂಟು ಬಂದಿರ್ಲಿಲ್ಲ." ಟಕ್. "ಬೆಳಕು ಹರಿಯೋ ಮುಂಚೆ ಎತ್ತು ಕಟ್ತಿದ್ದೆ. ಎತ್ತು ಇಳಿಜಾರಲ್ಲಿ ಹೋಗೋವಾಗ ನಾನು ಹಗ್ಗದ ಮೇಲೆ ಕೂತ್ಕೊಳೋದು. ಭಾರಕ್ಕೆ." ಟಕ್. "ನೀರು ಮೇಲಕ್ಕೆ ಬಂದು ಧಬಧಬ ಅಂತ ಕಾಲುವೆಗೆ ಬೀಳೋದು. ನಾನು ಬಾವಿ ತಾವ, ಅವ್ಳು ತೋಟದ ಆ ತುದೀಲಿ. ಒಬ್ರಿಗೊಬ್ರು ಕಾಣ್ತಿರ್ಲಿಲ್ಲ. ಒಂದು ಗಿಡದ ಪಾತಿ ತುಂಬಿದ್ರೆ ಗುದ್ಲಿಲಿ ಕಲ್ಲಿಗೆ ಒಂದೇಟು ಹೊಡೆಯೋಳು. ಟಣ್ ಅನ್ನೋದು. ಓಹೋ, ಅಲ್ಲವ್ಳೆ ಅಂದ್ಕೊಳೋದು ನಾನು."

ಚಕ್ರ ಬಿಗಿದೇ ಇದ್ದರೂ ಆ ಜಾರುಮಣ್ಣಿನ ಮೇಲೆ ಜೀಪು ಹಿಂದಕ್ಕೆ ಬರುತ್ತಿತ್ತು. ಬರುತ್ತಿದೆಯೆಂದು ಗೊತ್ತಾಗದಷ್ಟು ನಿಧಾನ. ಅಂಚಿನ ಒಂದು ಹೆಂಟೆ ಕಳಚಿ ಬಿತ್ತು. ಅದು ನೀರಿಗೆ ಬಿದ್ದ ಸದ್ದು ಬಹಳ ಹೊತ್ತಾದ ಮೇಲೆ ಕೇಳಿಸಿದಂತಾಯಿತು. ನಾನು ಕೆಳಗೆ ನೋಡಲಿಲ್ಲ. ಕಣ್ಣೆದುರು ಇದ್ದದ್ದು ಬರೀ ಬಿಳುಪು. ಅದರೊಳಗೆ ಎಲ್ಲೋ ಎತ್ತುಗಳು ಇಳಿಯುತ್ತಿದ್ದವು, ನೀರು ಬೀಳುತ್ತಿತ್ತು, ಮುಖವಿಲ್ಲದ ಒಬ್ಬ ಹೆಂಗಸು ಸೆರಗು ಸಿಕ್ಕಿಸಿಕೊಂಡು ಪಾತಿಯಿಂದ ಪಾತಿಗೆ ನಡೆಯುತ್ತಿದ್ದಳು.

ಹಿಡಿಯ ಸದ್ದು ನಿಂತಿತು.

"ಮಾವ?"

ಅವರ ಎದೆಗೇನಾದರೂ ಆಯಿತೋ ಎಂದು ಕನ್ನಡಿಯಲ್ಲಿ ಹುಡುಕಿದೆ. "ಮಾವ!"

"ಇದೀನಿ ಕಣವ್ವ. ಉಸ್ರು ತಗೋತಿದೀನಿ" ಎಂದರು. ಸ್ವಲ್ಪ ಹೊತ್ತು ಕಳೆದು ಮತ್ತೆ ಟಕ್ ಎಂದಿತು.

"ಒಂದಿನ ಹಂಗೇ ಆಯ್ತು. ಟಣ್ ಅನ್ನೋ ಶಬ್ದ ಬರ್ಲಿಲ್ಲ. ಕೂಗಿದೆ, ಓ ಅನ್ಲಿಲ್ಲ. ಹಾವೋ ಏನೋ ಅಂತ ಎತ್ತು ಬುಟ್ಟು ಓಡ್ದೆ. ಹೋಗಿ ನೋಡಿದ್ರೆ ಬದುವಿನ ಮೇಲೆ ಕೂತ್ಕೊಂಡವ್ಳೆ. 'ನೀನು ಬತ್ತೀಯೋ ಇಲ್ವೋ ನೋಡಾನ ಅಂತ ಸುಮ್ಕಿದ್ದೆ' ಅಂದ್ಲು."

"ಆಮೇಲೆ?" ಎಂದೆ. ಆ ಸ್ಥಿತಿಯಲ್ಲೂ ಕೇಳಿದೆ.

"ಆಮೇಲೇನು, ಬೈದೆ. ಅವ್ಳು ನಗ್ತಾನೇ ಇದ್ಲು."

ಅಷ್ಟರಲ್ಲಿ ಮುಂದಿನ ಚಕ್ರ ಅಂಚಿಗೆ ತಾಗಿ, ಒಮ್ಮೆ ತಡವರಿಸಿ, ಧಡಕ್ಕನೆ ನೆಲದ ಮೇಲೆ ಕೂತಿತು. ಆದರೂ ಮಾವ ನಿಲ್ಲಿಸದೆ ಇನ್ನೊಂದು ಮಾರು ಎಳೆದರು. ಆಮೇಲೆ ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಬಂದು ನನ್ನ ಬಾಗಿಲು ತೆಗೆದು, "ಇಳಿ" ಎಂದರು. ನಾನು ಇಳಿಯಲಿಲ್ಲ. ಬ್ರೇಕಿನ ಮೇಲಿನ ಕಾಲು ಎತ್ತಲಾಗುತ್ತಿರಲಿಲ್ಲ. ಅದು ನನ್ನ ಮಾತು ಕೇಳುತ್ತಿರಲಿಲ್ಲ. ಮಾವ ಬಗ್ಗಿ ನನ್ನ ಪಾದವನ್ನು ಎರಡೂ ಕೈಯಲ್ಲಿ ಹಿಡಿದು ಬ್ರೇಕಿನಿಂದ ಬಿಡಿಸಿ ಕೆಳಗಿಟ್ಟರು. ಅವರ ಅಂಗೈ ಚರ್ಮ ಕಿತ್ತು ರಕ್ತ ಬಂದಿತ್ತು. ನಾನು ಅಳತೊಡಗಿದೆ. ಅವರು ಮುಖ ಆಚೆ ತಿರುಗಿಸಿಕೊಂಡು ತಂತಿ ಸುತ್ತತೊಡಗಿದರು.

ಬಿಸಿಲು ಬಂದ ಮೇಲೆ ನೋಡಿದರೆ ಕ್ವಾರಿ ಅಷ್ಟೇನೂ ದೊಡ್ಡದಿರಲಿಲ್ಲ. ಮೂರು ಬಾತುಕೋಳಿ ಈಜುತ್ತಿದ್ದವು. ಮನೆಗೆ ವಾಪಸು ಹೋಗೋಣ ಎಂದೆ. "ಗುಂಡಿ ತೆಗ್ದು ಕಾಯ್ತಿರ್ತಾರೆ ಕಣವ್ವ, ಸಸಿ ಕೊಟ್ಟೇ ಹೋಗಾನ" ಎಂದರು. ನಲವತ್ತನ್ನೂ ಇಳಿಸಿ ಬಂದೆವು.

ರಾತ್ರಿ ಊಟದ ಹೊತ್ತಿಗೆ ಯಜಮಾನರಿಗೆ ಎಲ್ಲ ಹೇಳಿದೆ. ಜೀಪು ಜಾರಿದ್ದು ಕೇಳಿ ಬೈದರು, ಗಾಬರಿಯಿಂದ. ಆಮೇಲೆ ಅತ್ತೆಯ ವಿಷಯ ಹೇಳಿದೆ. ಕೈಯಲ್ಲಿದ್ದ ಮುದ್ದೆ ತುತ್ತು ಹಾಗೇ ನಿಂತಿತು. "ಅಪ್ಪ ಹೇಳಿದ್ದಾ? ಅಪ್ಪ?" ಎಂದು ಎರಡು ಸಲ ಕೇಳಿದರು. ಅವರಿಗೆ ತಾಯಿಯ ಬಗ್ಗೆ ಏನೂ ನೆನಪಿಲ್ಲ. ನಲವತ್ತು ವರ್ಷ ತಂದೆಯನ್ನು ಕೇಳಲು ಧೈರ್ಯವೂ ಆಗಿರಲಿಲ್ಲ.

ಮಾವ ಈಗಲೂ ಗಟ್ಟಿಯಾಗಿದ್ದಾರೆ. ಒಂದೆರಡು ಸಲ ನಾನಾಗಿಯೇ ಅತ್ತೆಯ ಮಾತು ತೆಗೆದೆ. "ಅವತ್ತು ನೀನು ಅಲ್ಲಾಡ್ದಂಗೆ ಕೂತಿರ್ಲಿ ಅಂತ ಏನೋ ಹೇಳ್ದೆ, ಬುಡವ್ವ" ಎಂದು ಎದ್ದು ಹೋದರು. ಇನ್ನು ಅವರು ಹೇಳುವುದಿಲ್ಲ ಎಂದು ನನಗೆ ಗೊತ್ತು.

ಡ್ಯೂಟಿ ಇಲ್ಲದ ದಿನ ಯಜಮಾನರು ಒಮ್ಮೊಮ್ಮೆ, "ಅದನ್ನ ಇನ್ನೊಂದ್ಸಲ ಹೇಳು" ಎನ್ನುತ್ತಾರೆ. ನಾನು ಹೇಳುತ್ತೇನೆ. ಒಂದು ಮಾತು ಸೇರಿಸುವುದಿಲ್ಲ, ಒಂದು ಮಾತು ಬಿಡುವುದಿಲ್ಲ. ಅತ್ತೆ ಬದುವಿನ ಮೇಲೆ ಕೂತು ನಕ್ಕ ಜಾಗಕ್ಕೆ ಬಂದಾಗ ಅವರು, "ಹೆಂಗಿರೋದಂತೆ ನಗು? ಜೋರಾಗಿ ನಗೋಳಂತಾ?" ಎಂದು ಕೇಳುತ್ತಾರೆ. ಅದನ್ನು ಮಾವ ಹೇಳಿರಲಿಲ್ಲ. ಅಷ್ಟರಲ್ಲಿ ಚಕ್ರ ಮೇಲೆ ಬಂದಿತ್ತು. ಜೀವ ಉಳಿದದ್ದಕ್ಕೆ ದಿನಾ ದೇವರಿಗೆ ಕೈಮುಗಿಯುವ ನನಗೇ ಆಗ ಒಂದು ಹುಚ್ಚು ಆಸೆಯಾಗುತ್ತದೆ. ಆ ಚಕ್ರ ಇನ್ನೊಂದು ಹತ್ತು ನಿಮಿಷ ತಡವಾಗಿ ಮೇಲೆ ಬರಬಾರದಿತ್ತೇ ಎಂದು.