ತುಂಬಿದ ಕೋವಿಯ ಪೂಜೆ

ನನ್ನ ಮಗ ಶಿವಮೊಗ್ಗದ ಒಂದು ಬ್ಯಾಂಕಿನ ಬಾಗಿಲಲ್ಲಿ ಕೋವಿ ಹಿಡಿದು ನಿಲ್ಲುವವನು. ಜೋಡಿ ನಳಿಗೆಯ ಕೋವಿ. ಅದೂ ಅವನದೇ, ಲೈಸೆನ್ಸೂ ಅವನದೇ. ಕೋವಿ ಇತ್ತು ಅಂತಲೇ ಅವನಿಗೆ ಆ ಕೆಲಸ ಸಿಕ್ಕಿದ್ದು. ಹಾಗಾಗಿ ಭದ್ರಾವತಿಯ ನಮ್ಮ ಮನೆಯಲ್ಲಿ ಆಯುಧಪೂಜೆ ಅಂದರೆ ಕೋವಿಯ ಪೂಜೆ.

ಪೂಜೆಗೆ ನಾವು ಯಾವುದನ್ನೂ ಬರಿದಾಗಿ ಇಡುವುದಿಲ್ಲ. ಸೇರಿನಲ್ಲಿ ಅಕ್ಕಿ ಇರಬೇಕು, ಕೊಡದಲ್ಲಿ ನೀರು ಇರಬೇಕು. ಅದೇ ಲೆಕ್ಕದಲ್ಲಿ ಮಗ ಕೋವಿಗೂ ಗುಂಡಿನ ತೋಟಾ ಹಾಕಿ ಇಡುತ್ತಿದ್ದ. ಮನೆಯವರಿಗೆಲ್ಲ ಅದು ಗೊತ್ತಿತ್ತು. ಯಾರಿಗೂ ತಪ್ಪು ಅನ್ನಿಸಿರಲಿಲ್ಲ.

ಅವನ ಮಗಳು ಶಿವಮೊಗ್ಗದಲ್ಲಿ ಕಾಲೇಜು ಓದುತ್ತಾಳೆ, ಅಲ್ಲಿ ಕೆಡೆಟ್ ಆಗಿದ್ದಾಳೆ. ಆ ವರ್ಷ ಅವರಿಗೆ ರೈಫಲ್ ಪಾಠ ಶುರುವಾಗಿತ್ತು. ನಾನು ಸೊಪ್ಪು ಬಿಡಿಸುತ್ತಾ ಕೂತರೆ, ಉದ್ದನೆಯ ಕೊಡೆ ಹಿಡಿದುಕೊಂಡು ನನ್ನೆದುರೇ ಪಾಠ ಒಪ್ಪಿಸುವಳು.

"ಅಜ್ಜಿ, ಇದು ಬಟ್, ಭುಜಕ್ಕೆ ಒತ್ತಿಕೊಳ್ಳೋದು. ಇಲ್ಲಿ ಟ್ರಿಗರ್. ಗುರಿ ಇಟ್ಟು ಹೊಡಿ ಅನ್ನೋವರೆಗೂ ಬೆರಳು ಇದರೊಳಗೆ ಹೋಗೋ ಹಾಗಿಲ್ಲ. ಇದು ಬೋಲ್ಟ್. ಹಿಂದಕ್ಕೆ ಎಳೆದ್ರೆ ಒಳಗೆ ಗುಂಡು ಇದೆಯೋ ಇಲ್ವೋ ಕಣ್ಣಿಗೇ ಕಾಣುತ್ತೆ."

"ಖಾಲಿ ಅಂತ ಗೊತ್ತಿದ್ರೂ ನೋಡ್ಬೇಕೇನೇ?"

"ನೋಡ್ಲೇಬೇಕು. ಕೈಗೆ ಬಂದಿದ್ದೆಲ್ಲ ತುಂಬಿದೆ ಅಂತಾನೇ ತಿಳ್ಕೋಬೇಕು. ನಳಿಗೆ ಬಾಯಿ ಮಾತ್ರ ಯಾರ ಕಡೆಗೂ ತಿರುಗಿಸೋ ಹಾಗಿಲ್ಲ."

"ಇಷ್ಟು ಹೆದರೋರು ಅದನ್ನ ಯಾಕೆ ಹಿಡೀತೀರ ಮಾರಾಯ್ತಿ?"

"ಹೆದರದೆ ಇರೋರ ಕೈಗೆ ನಮ್ಮ ಹವಾಲ್ದಾರ್ ಸಾಹೇಬ್ರು ಕೊಡೋದೇ ಇಲ್ಲ."

ಹಬ್ಬದ ದಿನ ನಡುಮನೆಯಲ್ಲಿ ಮಣೆ ಹಾಕಿ, ಕೆಂಪು ಬಟ್ಟೆ ಹಾಸಿ, ಮಗ ಕೋವಿ ಮಲಗಿಸಿದ. ಹಿಡಿ ದೇವರ ಕಡೆಗೆ, ಬಾಯಿ ಬಾಗಿಲ ಕಡೆಗೆ. ಕುಂಕುಮ ಇಟ್ಟಾಯಿತು, ಸೇವಂತಿಗೆ ಏರಿಸಿಯಾಯಿತು. ಮಂಡಕ್ಕಿ ಸಿಗುತ್ತದೆಂದು ಬೀದಿಯ ಮಕ್ಕಳೆಲ್ಲ ಬಂದು ಬಾಗಿಲಲ್ಲಿ ಸಾಲಾಗಿ ಕೂತಿದ್ದವು. ಸರಿಯಾಗಿ ಆ ಬಾಯಿಯ ಎದುರಿಗೆ.

ಮೊಮ್ಮಗಳು ಸ್ನಾನ ಮುಗಿಸಿ ಬಂದವಳು ಅದನ್ನು ಕಂಡು ಅಲ್ಲೇ ನಿಂತಳು. ಮಕ್ಕಳನ್ನೆಲ್ಲ ಎಬ್ಬಿಸಿ ಪಕ್ಕದ ಮನೆಯ ಜಗಲಿಗೆ ಕಳಿಸಿದಳು. ಆಮೇಲೆ ಅಪ್ಪನ ಕಡೆ ತಿರುಗಿದಳು.

"ಅಪ್ಪ, ತೋಟಾ ತೆಗೀರಿ."

"ಕುಂಕುಮ ಇಟ್ಟಾಯ್ತು ಕಣೆ. ನಾಳೆವರೆಗೂ ಅಲ್ಲಾಡಿಸೋ ಹಾಗಿಲ್ಲ. ಬರಿದಾದ ಕೋವಿಗೆ ಎಂಥ ಪೂಜೆ?"

"ಹಾಗಾದ್ರೆ ಮಕ್ಕಳು ಒಳಗೆ ಬರೋದು ಬೇಡ."

"ನಾಲ್ಕು ದಿನ ಕ್ಯಾಂಪಿಗೆ ಹೋಗಿ ಬಂದು ನಂಗೆ ಕಲಿಸ್ತೀಯಾ? ನಾನು ಇದನ್ನೇ ಹಿಡ್ಕೊಂಡು ನಿಮ್ಮನ್ನ ಸಾಕಿದೀನಿ."

ಅವಳ ಮುಖ ಕೆಂಪಾಯಿತು. ಕೋವಿಗೆ ಮಾತ್ರ ಕೈ ಹಚ್ಚಲಿಲ್ಲ. "ಅದು ನಿಮ್ಮದು, ನಾನು ಮುಟ್ಟಲ್ಲ. ನೀವೇ ತೆಗೀಬೇಕು" ಎಂದಳು.

ಮಗ ನನ್ನ ಮುಖ ನೋಡಿದ. ಅಮ್ಮ ಶಾಸ್ತ್ರದ ಪರವಾಗಿ ಮಾತಾಡುತ್ತಾಳೆ ಎಂದುಕೊಂಡನೋ ಏನೋ.

"ಕುಂಕುಮ ಅಳಿಸಿದ್ರೆ ಮತ್ತೆ ಇಡಬಹುದು. ಮಕ್ಕಳನ್ನ ಮತ್ತೆ ತರೋಕಾಗಲ್ಲ. ತೆಗಿಯೋ" ಎಂದೆ.

ಅವನು ಸಿಟ್ಟಿನಿಂದ ಕೋವಿ ಎತ್ತಿ ಅಡುಗೆಮನೆಯ ಗೋಡೆಯ ಕಡೆ ತಿರುಗಿಸಿದ. "ಆ ಕಡೆ ಅಮ್ಮ ಇದಾಳೆ!" ಎಂದು ಮೊಮ್ಮಗಳು ಕೂಗಿದಳು. ಒಳಗಿದ್ದ ಸೊಸೆ ಹೋಳಿಗೆಯ ಹಂಚು ಇಳಿಸಿ ಓಡಿ ಬಂದಳು. ಮಗನಿಗೆ ಆಗ ಸ್ವಲ್ಪ ಎಚ್ಚರವಾದಂತಿತ್ತು. ಬಾಯಿ ಮೇಲಕ್ಕೆ ಮಾಡಿಕೊಂಡು ಹಿತ್ತಲಿಗೆ ನಡೆದ. ಅಲ್ಲಿ ನೆಲದ ಕಡೆಗೆ ಹಿಡಿದು, "ಒಂದೇ ಹಾಕಿದೀನಿ, ಬಲಗಡೆಗೆ. ನೋಡ್ಕೋ" ಎನ್ನುತ್ತಾ ಕೋವಿಯ ನಡು ಮಡಚಿ ನಳಿಗೆಯ ಹಿಂಬದಿ ತೆರೆದ.

ಎರಡಿದ್ದವು.

ಎಡಗಡೆಯದು ಡ್ಯೂಟಿಯಿಂದ ಬಂದಾಗಿನಿಂದ ಅಲ್ಲೇ ಇದ್ದಿರಬೇಕು; ಬಲಗಡೆಗೆ ತುಂಬುವಾಗ ಹಬ್ಬದ ಗಡಿಬಿಡಿಯಲ್ಲಿ ಅವನು ಅತ್ತ ನೋಡಿರಲಿಲ್ಲ. ಮೊಮ್ಮಗಳು ತಡೆಯದಿದ್ದರೆ ಮಾರನೆಯ ದಿನವೂ ಅವನು ಹಾಗೇ ಒಂದು ತೋಟಾ ತೆಗೆದು, ಖಾಲಿಯಾಯಿತೆಂದು ಗೋಡೆಗೆ ಒರಗಿಸಿಬಿಡುತ್ತಿದ್ದ. ಅವನು ಎರಡನ್ನೂ ಕೈಯಲ್ಲಿ ಹಿಡಿದು ನೋಡುತ್ತಾ ನಿಂತ. ಮೊಮ್ಮಗಳು ಗೆದ್ದೆ ಎಂದು ಹಿಗ್ಗಲಿಲ್ಲ.

ಅವನು ತೋಟಾಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ. ಕೋವಿಯನ್ನು ಮಡಚಿದಂತೆಯೇ ತಂದು, ಬಾಯಿ ಗೋಡೆಯ ಮೂಲೆಗೆ ಬರುವ ಹಾಗೆ ಮಣೆಯ ಮೇಲಿಟ್ಟ. ಒಳಗೆ ಬರಿದು ಎಂದು ನಿಂತಲ್ಲಿಂದಲೇ ಕಾಣುತ್ತಿತ್ತು. ಅಳಿಸಿದ್ದ ಕಡೆ ನಾನು ಮತ್ತೆ ಕುಂಕುಮ ಇಟ್ಟೆ.

"ಇನ್ನು ಕರೀಲಾ ಅಪ್ಪ?" ಎಂದಳು ಮೊಮ್ಮಗಳು.

ಅವನು ಇನ್ನೊಮ್ಮೆ ಬಗ್ಗಿ ಎರಡು ನಳಿಗೆಯನ್ನೂ ಇಣುಕಿ ನೋಡಿದ. ಆಮೇಲೆ ತಾನೇ ಹೊರಗೆ ಹೋಗಿ, "ಬನ್ರೋ, ಮಂಡಕ್ಕಿ ತಗೊಳ್ಳಿ" ಎಂದು ಮಕ್ಕಳನ್ನು ಕರೆದ.