ಗೋಡೆಗಿಂತ ಮೊದಲು ನಿಂತ ಬಾಗಿಲು

ಹುಣಸೂರಿನ ನಮ್ಮ ಸೈಟಿನಲ್ಲಿ ಪಾಯದ ನಡುವೆ ಹೆಂಡತಿ ಜಯಮ್ಮ ಹಾಕಿದ ಅವರೆ ಹೂಬಿಟ್ಟು ಕಾಯಾಯಿತೇ ಹೊರತು ಗೋಡೆ ಏಳಲಿಲ್ಲ. ಸಿಮೆಂಟಿಗೆ ಪರ್ಮಿಟ್ ಬೇಕಿದ್ದ ಕಾಲ ಅದು. ಸ್ಕೂಲು ಮೇಷ್ಟನಾದ ನನ್ನ ಅರ್ಜಿಗೆ ಉತ್ತರ ಬರುತ್ತಿತ್ತು, ಮೂಟೆ ಬರುತ್ತಿರಲಿಲ್ಲ.

ಆಗ ಹೆಗ್ಗಡದೇವನಕೋಟೆ ಕಡೆ ಅಣೆಕಟ್ಟಿನ ನೀರು ಏರುವ ಮುನ್ನ ಜನ ತಮ್ಮ ಮನೆಗಳನ್ನು ತಾವೇ ಬಿಚ್ಚಿ, ತೊಲೆ, ಹೆಂಚುಗಳನ್ನು ಮಾರುತ್ತಿದ್ದರು. ಅಂಥದೊಂದು ಮನೆಯ ಕಂಬಗಳನ್ನೂ ಹೂಬಳ್ಳಿ ಕೆತ್ತಿದ ಬಾಗಿಲನ್ನೂ ಕೊಂಡೆ. ಮನೆಯೊಡೆಯ ಸಿದ್ದಯ್ಯ ಗಾರೆ ಕೆಲಸದ ಹಿರಿಯ. ಗಾಡಿ ಹೊರಡುವಾಗ ಕೇಳಿದ: “ಬರೀ ಮರ ತಕ್ಕೊಂಡೋದ್ರೆ ಎಂಗೆ ಮೇಷ್ಟ್ರೇ? ನನ್ನೂ ಕರ್ಕೊಂಡೋಗಿ. ಸಿಮೆಂಟ್ಯಾಕೆ? ಸುಣ್ಣ, ಮರಳು ಕೊಡ್ಸಿ, ಗ್ವಾಡೆ ನಾನೆಬ್ಬುಸ್ತೀನಿ.”

ಎತ್ತು ಸುತ್ತುವ ಗಾಣದಲ್ಲಿ ಗಾರೆ ಅರೆದು, ಬೆಲ್ಲದ ನೀರು ಬೆರೆಸಿ ಸಿದ್ದಯ್ಯ ಕಟ್ಟತೊಡಗಿದಾಗ, ಮೇಷ್ಟರ ಮನೆಗೆ ಇರುವೆಗಳದೇ ಗೃಹಪ್ರವೇಶವೆಂದು ಕೇರಿ ನಕ್ಕಿತು. ಗೋಡೆ ಮಾತ್ರ ಆ ವರ್ಷದ ಮುಂಗಾರಿಗೆ ಜಗ್ಗಲಿಲ್ಲ. ನಕ್ಕವರೇ ಬಂದು ಅದನ್ನು ತಟ್ಟಿ ನೋಡಿ, ತಮ್ಮ ಮನೆಗೂ ಸಿದ್ದಯ್ಯನನ್ನು ಕೇಳಿದರು.

ಬಾಗಿಲು ಕೂರಿಸುವ ದಿನ ಆತ ಬರಲಿಲ್ಲ. ಮರುದಿನವೂ ಇಲ್ಲ. ನಾವಿಬ್ಬರೂ ಮುಳುಗಡೆಯವರ ಹೊಸ ಊರಿಗೆ ಹುಡುಕಿಕೊಂಡು ಹೋದರೆ, ಗುಡಿಸಲ ಮುಂದೆ ತಲೆ ತಗ್ಗಿಸಿ ಕೂತಿದ್ದ.

“ನಮ್ಮಪ್ಪ ಕೆತ್ತಿದ್ ಬಾಗ್ಲು ಕಣ್ರೀ. ಮಾರಿದ್ದೇನೋ ಮಾರ್ಬುಟ್ಟೆ. ಇನ್ನೊಬ್ರು ಮನೆಗೆ ನನ್ ಕೈಯಾರೆ ಕೂರ್ಸಕ್ಕೆ ಆಗ್ತಾ ಇಲ್ಲ.”

ಜಯಮ್ಮ ಅವನೆದುರು ಕೂತಳು. “ಬಾಗ್ಲು ನಿಮಗೇ ಇರ್ಲಿ ಸಿದ್ದಯ್ಯಣ್ಣ. ನಮಗೆ ಗೋಡೆ ಕೊಟ್ರಲ್ಲ, ಸಾಕು.”

ಹಳತನ್ನು ಹೊಸತಕ್ಕೆ ಹೊಂದಿಸುವುದು ಜಾಣತನವೆಂದು ನಂಬಿದ್ದವನು ನಾನು. ಮರಕ್ಕೆ ವಯಸ್ಸಷ್ಟೇ ಅಲ್ಲ, ಬಂಧುಬಳಗವೂ ಇರುತ್ತದೆಂದು, ಮಿತ್ರರೇ, ಅಂದು ತಿಳಿಯಿತು. ಬಾಗಿಲನ್ನು ಗಾಡಿಯಲ್ಲಿ ಹಿಂದಕ್ಕೆ ಕಳಿಸಿ, ಹಲಗೆಯ ಬಾಗಿಲಿಟ್ಟುಕೊಂಡು ಒಕ್ಕಲಾದೆವು.

ಬೇಸಗೆಯಲ್ಲಿ ಸಿದ್ದಯ್ಯ ಊಟಕ್ಕೆ ಕರೆದ. ಹೋಗಿ ನೋಡಿದರೆ ಅವನ ಹೊಸ ಮನೆಗೆ ಮುಂದಿನ ಗೋಡೆಯೊಂದೇ ಎದ್ದಿತ್ತು, ಅದರ ನಡುವೆ ಆ ಬಾಗಿಲು. ಉಳಿದ ಮೂರು ಕಡೆ ಬಯಲು. ಒಲೆ ಮುಂದೆ ಕೂತ ಸಿದ್ದಯ್ಯ ನಮಗೆ ಕಾಣುತ್ತಲೇ ಇದ್ದ. ನಾನು ಪಕ್ಕದಿಂದ ನುಗ್ಗಲು ಹೊರಟೆ. ಜಯಮ್ಮ ನನ್ನ ತೋಳು ಹಿಡಿದು ನಿಲ್ಲಿಸಿ, ಸೆರಗು ಸರಿಮಾಡಿಕೊಂಡು ಬಾಗಿಲು ತಟ್ಟಿದಳು.

“ಯಾರವ್ವಾ?” ಎಂದ ಸಿದ್ದಯ್ಯ. ಎದ್ದು ಬಂದು, ಅಗುಳಿ ಸರಿಸಿ, ಬಾಗಿಲು ತೆರೆದ.